ಯಾರೂ ಕೇಳದ ಹಾಡುಗಳು

ಸಿಮ್ಲಾ ಅಂದ್ರೆ ನಿಮಗೆ ಬೆಟ್ಟ ನೆನಪಾದೀತು, ನನಗೆ ಹಾಡು. ಆ ಹೆಸರಿನ ಸಿಗರೇಟಿನ ಪ್ರಚಾರಕ್ಕಾಗಿ ನಮ್ಮ ಹುಡುಗರ ಬ್ಯಾಂಡುಗಳಿಗೆ ‘ಸಿಮ್ಲಾ ಬೀಟ್’ ಅನ್ನೋ ಸ್ಪರ್ಧೆ ನಡೆಯುತ್ತಿತ್ತು. 1970 ಮತ್ತು 1971ರ ಸ್ಪರ್ಧೆಗಳ ಹಾಡುಗಳು ಎರಡು ಎಲ್ಪಿಗಳಾಗಿ ಬಂದವು, ಮರೆತೂ ಹೋದವು. ಅರವತ್ತರ ದಶಕದ ಗಿಟಾರಿನ ಗುಂಗು ಅವುಗಳಲ್ಲಿ ಹಾಗೇ ಇದೆ.

ಅಮೆರಿಕದಲ್ಲೂ ಇದೇ ಕಥೆ. ಮರೆಯಾಗುತ್ತಿದ್ದ ಬ್ಯಾಂಡುಗಳ 27 ಹಾಡು ಆಯ್ದು ಲೆನ್ನಿ ಕೇ 1972ರಲ್ಲಿ ‘ನಗೆಟ್ಸ್’ ಸಂಕಲನ ಮಾಡಿದ. 1998ರಲ್ಲಿ ರೈನೋ ಕಂಪನಿ ಅದನ್ನು ನಾಲ್ಕು ಸೀಡಿಗೆ ಬೆಳೆಸಿತು. ಮುಂದೆ ಸಿಮ್ಲಾ ಬೀಟ್ ಕೂಡ ಮರುಮುದ್ರಣ ಕಂಡಿತು. ಮೂಲ ಎಲ್ಪಿ ಕೊಳ್ಳುವ ತಾಕತ್ತಿಲ್ಲದ ನನ್ನಂಥವರಿಗೆ ಅದೇ ಗತಿ.

ನೋಡಿ, ಹತ್ತು ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ವಾರಸುದಾರ ಬಂದರೆ ವಾಪಸ್ಸು ಸಿಗುತ್ತದೆ. ಯಾರೂ ಕೇಳದ ಹಾಡಿಗೆ ಅಂಥ ನಿಧಿ ಎಲ್ಲಿದೆ? ನಮ್ಮಂಥ ಹುಚ್ಚರ ಕಪಾಟೇ ಗತಿ.