ಲೇಖನಿ ಯಾರ ಕೈಯಲ್ಲಿ? ಸೀತಾಪುರದ ‘ಸಂಗತಿನ್’ ಪ್ರಯೋಗದ ಒಂದು ಓದು

1979ರ ಸೆಪ್ಟೆಂಬರ್‌ನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್ ಸೇರಿದಂತೆ ನಾಲ್ವರು ಕಾನೂನು ಪ್ರಾಧ್ಯಾಪಕರು ಮಥುರಾ ಎಂಬ ಆದಿವಾಸಿ ಹುಡುಗಿಯ ಅತ್ಯಾಚಾರ ಪ್ರಕರಣದ ತೀರ್ಪನ್ನು ಪ್ರಶ್ನಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಮಹಿಳಾ ಸಂಘಟನೆಗಳು ಬೀದಿಗಿಳಿದವು. 1983ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. ವಿದ್ವತ್ತು ಮತ್ತು ಚಳವಳಿಯ ಸಹಯೋಗಕ್ಕೆ ನಾವು ಸದಾ ಕೊಡುವ ಉದಾಹರಣೆ ಇದು. ಸಾಧನೆ ದೊಡ್ಡದೇ. ಆದರೆ ಆ ಆದಿವಾಸಿ ಹುಡುಗಿ ಅಲ್ಲಿ ಬರಹದ ವಸ್ತುವಾದಳೇ ಹೊರತು ಬರೆಯುವವಳಾಗಲಿಲ್ಲ.

ಬರೆಯುವ ಹಕ್ಕಿನ ಈ ಪ್ರಶ್ನೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಉತ್ತರ ಪ್ರದೇಶದ ಸೀತಾಪುರ ಜಿಲ್ಲೆಯ ಸಂಗತಿನ್ ಗುಂಪು. ಅವಧಿ ಭಾಷೆಯಲ್ಲಿ ಸಂಗತಿನ್ ಎಂದರೆ ಆಪ್ತ ಗೆಳತಿ. ಹಳ್ಳಿಗಳಲ್ಲಿ ದುಡಿಯುತ್ತಿದ್ದ ಏಳು ಕಾರ್ಯಕರ್ತೆಯರು ತಮ್ಮ ಬಾಲ್ಯ, ಮದುವೆ, ಹಸಿವು, ಜಾತಿಗಳ ಬಗ್ಗೆ ದಿನಚರಿ ಬರೆದರು. ಒಟ್ಟಿಗೆ ಕೂತು ಒಬ್ಬರದನ್ನು ಇನ್ನೊಬ್ಬರಿಗೆ ಓದಿ ಹೇಳಿದರು. ಅತ್ತರು, ಜಗಳವಾಡಿದರು. ಸವರ್ಣ ಗೆಳತಿ ನೆನೆದ ಬಡತನವೂ ದಲಿತ ಗೆಳತಿ ಉಂಡ ಹಸಿವೂ ಒಂದೇ ಅಲ್ಲವೆಂಬುದು ಬಯಲಾದದ್ದು ಆ ಓದಿನಲ್ಲೇ. ಅವರೊಂದಿಗೆ ಸಂಘಟಕಿ ರಿಚಾ ಸಿಂಗ್ ಮತ್ತು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ರಿಚಾ ನಾಗರ್ ಇದ್ದರು. 2004ರಲ್ಲಿ ಹಿಂದಿಯಲ್ಲಿ ಬಂದ ‘ಸಂಗತಿನ್ ಯಾತ್ರಾ’ದ ಮೇಲೆ ಒಂಬತ್ತೂ ಹೆಸರುಗಳಿವೆ. ಇಂಗ್ಲಿಷ್ ಆವೃತ್ತಿ ಬಂದದ್ದು ಎರಡು ವರ್ಷದ ನಂತರ. ಈ ಅನುಕ್ರಮ ಆಕಸ್ಮಿಕವಲ್ಲ. ಕೃತಿಯ ಮೊದಲ ಓದುಗರು ಸೀತಾಪುರದ ಆಸುಪಾಸಿನವರೇ ಆಗಬೇಕಿತ್ತು.

ಪುಸ್ತಕ ಮಹಿಳಾ ಸಬಲೀಕರಣದ ಸಂಸ್ಥೆಗಳನ್ನೂ ಬಿಡಲಿಲ್ಲ. ಹಳ್ಳಿ ಸುತ್ತುವವರು ಯಾರು, ವರದಿ ಬರೆಯುವವರು ಯಾರು, ಹೆಸರು ಬರುವುದು ಯಾರಿಗೆ ಎಂದು ಕೇಳಿತು. ಕಾರ್ಯಕರ್ತೆಯರು ದುಡಿಯುತ್ತಿದ್ದ ಸಂಸ್ಥೆಯಿಂದಲೇ ತೀವ್ರ ವಿರೋಧ ಬಂತು. 1980ರ ದಶಕದ ಕೊನೆಯಲ್ಲಿ ಮಹಿಳಾ ಸಬಲೀಕರಣದ ಸರ್ಕಾರಿ ಕಾರ್ಯಕ್ರಮ ಮಹಿಳಾ ಸಮಾಖ್ಯಾ ಮೊದಲು ಕಾಲಿಟ್ಟ ಮೂರು ರಾಜ್ಯಗಳಲ್ಲಿ ಉತ್ತರ ಪ್ರದೇಶದಂತೆ ಕರ್ನಾಟಕವೂ ಒಂದು. ನಮ್ಮ ಹಳ್ಳಿಯ ಮಹಿಳಾ ಸಂಘಗಳ ಕುರಿತ ಅಧ್ಯಯನಗಳಿಗೂ ಇದೇ ಪ್ರಶ್ನೆ ಹಾಕಬಹುದು.

ನನ್ನದೊಂದು ತಕರಾರಿದೆ. ಒಂಬತ್ತು ಲೇಖಕಿಯರಿದ್ದರೂ ಕಥನ ನಿಂತಿರುವುದು ಏಳು ಬದುಕುಗಳ ಮೇಲೆ. ವಿಶ್ವವಿದ್ಯಾಲಯದಿಂದ ಬಂದವರ ಬದುಕು ಅಷ್ಟೇ ನಿಷ್ಠುರ ಪರೀಕ್ಷೆಗೆ ಒಳಗಾಗುವುದಿಲ್ಲ. ‘ನಾವು’ ಎಂಬ ಸಾಮೂಹಿಕ ದನಿ ಈ ಅಂತರವನ್ನು ಕೆಲವೆಡೆ ಮುಚ್ಚಿಬಿಡುತ್ತದೆ.

ಆದರೂ ಪುಸ್ತಕ ಕಪಾಟು ಸೇರಲಿಲ್ಲ. ಅದರ ಬೆನ್ನಿಗೇ ಸಂಗತಿನ್ ಕಿಸಾನ್ ಮಜ್ದೂರ್ ಸಂಘಟನ್ ಬೆಳೆಯಿತು. ಕಾಲುವೆ ನೀರಿಗೆ, ಉದ್ಯೋಗ ಖಾತರಿಯ ಕೂಲಿಗೆ ಹೋರಾಡಿತು. ಅದರಲ್ಲಿ ದಲಿತ ಕೂಲಿಕಾರರೇ ಹೆಚ್ಚು, ಗಂಡಸರೂ ಇದ್ದಾರೆ. ಇದು ಸ್ತ್ರೀವಾದ ಹೇಗಾದೀತು ಎಂದು ಕೇಳುವವರು ಆ ದಿನಚರಿಗಳಲ್ಲಿರುವ ಹಸಿವಿನ ಪುಟಗಳನ್ನು ಓದಬೇಕು.