ಬೈಯಪ್ಪನಹಳ್ಳಿಯಿಂದ ಹೊರಟ ಬೋಗಿಗಳು: ನಮ್ಮ ಮೆಟ್ರೊದ ಮೊದಲ ತಲೆಮಾರಿನ ರೈಲುಗಳ ಚರಿತ್ರೆ

ಬೆಳಗಾವಿಯ ಮಗ್ಗುಲಲ್ಲಿರುವ ಕಾಕತಿಗೆ ರೈಲು ನಿಲ್ದಾಣವಿಲ್ಲ. ಊರನ್ನು ಸವರಿಕೊಂಡು ಹೋಗುವುದು ಪುಣೆ–ಬೆಂಗಳೂರು ಹೆದ್ದಾರಿ. ಆದರೆ ಈ ಊರಿನ ಮಗಳ ಹೆಸರು ಹೊತ್ತ ರೈಲು ದಶಕಗಳಿಂದ ಬೆಳಗಾವಿ ಸೀಮೆಯ ಜನರನ್ನು ಬೆಂಗಳೂರಿಗೆ ಕರೆದೊಯ್ಯುತ್ತಿದೆ: ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್. ಅದರಲ್ಲಿ ರಾತ್ರಿಯಿಡೀ ಪಯಣಿಸಿ ಬೆಳಿಗ್ಗೆ ಇಳಿಯುವ ನಿಲ್ದಾಣಕ್ಕೆ ಸಂಗೊಳ್ಳಿ ರಾಯಣ್ಣನ ಹೆಸರಿದೆ. ಚೆನ್ನಮ್ಮನ ಬಲಗೈಯಾಗಿದ್ದ ಈ ಬಂಟನನ್ನು ಬ್ರಿಟಿಷರು 1831ರಲ್ಲಿ ಗಲ್ಲಿಗೇರಿಸಿದ್ದು ಖಾನಾಪುರ ತಾಲ್ಲೂಕಿನ ನಂದಗಡದಲ್ಲಿ. ಬೆಂಗಳೂರಿನ ಆ ನಿಲ್ದಾಣದಿಂದ ನೆಲದಡಿಗೆ ಇಳಿದರೆ ನೇರಳೆ ಮಾರ್ಗದ ಮೆಟ್ರೊ. ನಮ್ಮ ಕಡೆಯ ಎಷ್ಟೋ ಜನ ಮೆಟ್ರೊ ರೈಲನ್ನು ಮೊದಲ ಸಲ ಹತ್ತುವುದು ಇಲ್ಲಿಯೇ. ಈ ಲೇಖನ ಆ ರೈಲಿನ ಕುರಿತದ್ದು.

ಮೆಟ್ರೊ ಚರಿತ್ರೆ ಎಂದರೆ ಸಾಮಾನ್ಯವಾಗಿ ಮಾರ್ಗಗಳ ಚರಿತ್ರೆಯಾಗಿಬಿಡುತ್ತದೆ. ಯಾವ ರಸ್ತೆಯ ಮೇಲೆ ಕಂಬ ಎದ್ದಿತು, ಎಲ್ಲಿ ಮರ ಕಡಿದರು, ವೆಚ್ಚ ಎಷ್ಟು ಏರಿತು ಎಂಬ ಪ್ರಶ್ನೆಗಳೇ ಮುಂದೆ ನಿಲ್ಲುತ್ತವೆ. ಬೋಗಿಯನ್ನು ಬೇಕೆಂದಾಗ ಮಾರುಕಟ್ಟೆಯಿಂದ ತರುವ ಸಾಮಾನು ಎಂಬಂತೆ ಪಕ್ಕಕ್ಕಿಡಲಾಗುತ್ತದೆ. ಇದು ಸರಿಯಲ್ಲ ಎಂಬುದು ನನ್ನ ವಾದ. ಮೊದಲ ತಲೆಮಾರಿನ ಬೋಗಿಗಳಿಗೆ 2009ರಲ್ಲಿ ಆದ ಒಪ್ಪಂದ ಬೆಂಗಳೂರಿನ ಸಂಚಾರವನ್ನು ಇಂದಿಗೂ ಹಿಡಿದಿಟ್ಟಿದೆ. ಬೋಗಿ ಎಲ್ಲಿ ತಯಾರಾಗುತ್ತದೆ ಎಂಬ ಪ್ರಶ್ನೆಯೇ ಮುಂದೆ ಒಂದು ಇಡೀ ಮಾರ್ಗದ ಉದ್ಘಾಟನೆಯ ದಿನವನ್ನೂ ನಿರ್ಧರಿಸಿತು.

ಬೆಂಗಳೂರಿನಲ್ಲಿ ರೈಲು ಬೋಗಿ ಕಟ್ಟುವ ಕೆಲಸ ಮೆಟ್ರೊಗಿಂತ ಬಹಳ ಹಳೆಯದು. ಯುದ್ಧಕಾಲದ ವಿಮಾನ ಕಾರ್ಖಾನೆ ಹಿಂದೂಸ್ಥಾನ್ ಏರ್‌ಕ್ರಾಫ್ಟ್ 1940ರ ದಶಕದ ಕೊನೆಯಲ್ಲಿ ಉಕ್ಕಿನ ರೈಲು ಬೋಗಿಗಳನ್ನೂ ಕಟ್ಟತೊಡಗಿತು. ವಿಮಾನದ ಲೋಹದ ಮೈ ಬೆಸೆದು ಪಳಗಿದ ಕೈಗಳಿಗೆ ಬೋಗಿಯ ಮೈ ಅಪರಿಚಿತವಾಗಿರಲಿಲ್ಲ. 1964ರಲ್ಲಿ ಭಾರತ್ ಅರ್ಥ್ ಮೂವರ್ಸ್, ಅಂದರೆ ಬೆಮೆಲ್, ಸ್ಥಾಪನೆಯಾದಾಗ ಈ ಬೋಗಿ ವಿಭಾಗ ಅದರ ಪಾಲಿಗೆ ಬಂತು. ತಿಪ್ಪಸಂದ್ರದ ಬಳಿಯ ಆ ಕಾರ್ಖಾನೆಯಿಂದ ಬೈಯಪ್ಪನಹಳ್ಳಿಯ ಮೆಟ್ರೊ ಡಿಪೊ ಕೆಲವೇ ಕಿಲೋಮೀಟರ್ ದೂರ.

ಆದರೂ ಈ ಕಾರ್ಖಾನೆಯ ಮೆಟ್ರೊ ಬೋಗಿಗಳು ಮೊದಲು ಓಡಿದ್ದು ದೆಹಲಿಯಲ್ಲಿ. 2001ರಲ್ಲಿ ದೆಹಲಿ ಮೆಟ್ರೊ ತನ್ನ ಮೊದಲ ರೈಲುಗಳಿಗಾಗಿ ಜಪಾನಿನ ಮಿತ್ಸುಬಿಷಿ, ಕೊರಿಯಾದ ರೋಟೆಮ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡಿತು. ಆರಂಭದ ರೈಲುಗಳು ಕೊರಿಯಾದಿಂದಲೇ ಬಂದವು. ಉಳಿದವುಗಳನ್ನು ಕಟ್ಟುವ ತಂತ್ರ ಕಲಿತು ಬೆಂಗಳೂರಿನ ಕಾರ್ಮಿಕರೇ ಸಿದ್ಧಪಡಿಸಿದರು. ದೆಹಲಿಯಲ್ಲಿ ಮೆಟ್ರೊ ಓಡಲು ಶುರುವಾದದ್ದು 2002ರ ಡಿಸೆಂಬರ್ 24ರಂದು. ಬೆಂಗಳೂರು ಅದಕ್ಕೆ ಇನ್ನೂ ಒಂಬತ್ತು ವರ್ಷ ಕಾಯಬೇಕಿತ್ತು. ಬೆಮೆಲ್‌ನ ಹೊರಗೋಡೆಯ ಆಚೆ ಬಸ್ಸಿಗಾಗಿ ಕಾಯುತ್ತ ನಿಂತ ಜನರಿಗೆ, ಒಳಗೆ ಇನ್ನೊಂದು ನಗರದ ಮೆಟ್ರೊ ತಯಾರಾಗುತ್ತಿದೆ ಎಂಬುದು ಗೊತ್ತಿತ್ತೋ ಇಲ್ಲವೋ.

ನಮ್ಮ ಮೆಟ್ರೊಗೆ ಶಂಕುಸ್ಥಾಪನೆ ನಡೆದದ್ದು 2006ರ ಜೂನ್ 24ರಂದು. 2009ರಲ್ಲಿ ಬೆಮೆಲ್, ಹ್ಯುಂಡೈ ರೋಟೆಮ್, ಮಿತ್ಸುಬಿಷಿ ಕೂಟಕ್ಕೆ 150 ಬೋಗಿಗಳ ಗುತ್ತಿಗೆ ಸಿಕ್ಕಿತು. ಮೌಲ್ಯ ಸುಮಾರು 1,672 ಕೋಟಿ ರೂಪಾಯಿ. ತಲಾ ಮೂರು ಬೋಗಿಯ 50 ರೈಲುಗಳು. ಸ್ಟೇನ್‌ಲೆಸ್ ಉಕ್ಕಿನ ಮೈ, ಎರಡೂ ತುದಿಗೆ ಚಾಲಕನ ಕೋಣೆ, ಗಂಟೆಗೆ 80 ಕಿಲೋಮೀಟರ್ ಗರಿಷ್ಠ ವೇಗ, 1,435 ಮಿಲಿಮೀಟರಿನ ಸ್ಟ್ಯಾಂಡರ್ಡ್ ಗೇಜ್. ದೆಹಲಿಯ ಮೊದಲ ಮಾರ್ಗಗಳು ರೈಲ್ವೆಯಂತೆಯೇ 1,676 ಮಿಲಿಮೀಟರಿನ ಬ್ರಾಡ್ ಗೇಜಿನವು. ಹಾಗಾಗಿ ಅಲ್ಲಿಗೆ ಕಟ್ಟಿದ ಬೋಗಿಯನ್ನೇ ಇಲ್ಲಿಗೆ ತರುವಂತಿರಲಿಲ್ಲ.

ಬೇರೆತನ ಇನ್ನೂ ಹೆಚ್ಚಾಗಿ ಕಾಣುವುದು ವಿದ್ಯುತ್ತಿನಲ್ಲಿ. ದೆಹಲಿಯ ರೈಲು ನೆತ್ತಿಯ ಮೇಲಿನ ತಂತಿಯಿಂದ 25,000 ವೋಲ್ಟ್ ಪಡೆಯುತ್ತದೆ. ಬೆಂಗಳೂರಿನ ರೈಲಿಗೆ ನೆತ್ತಿಯ ಮೇಲೆ ಏನೂ ಇಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತು ಎದುರಿನ ಹಳಿಜೋಡಿಯನ್ನು ಗಮನಿಸಿದರೆ, ಅದರ ಪಕ್ಕದಲ್ಲಿ ನೆಲದಿಂದ ತುಸು ಎತ್ತರದಲ್ಲಿ ಹೊದಿಕೆಯೊಳಗೆ ಸಾಗಿರುವ ಮತ್ತೊಂದು ಪಟ್ಟಿ ಕಾಣುತ್ತದೆ. ಅದೇ ಮೂರನೇ ಹಳಿ. ಅದರಲ್ಲಿ 750 ವೋಲ್ಟಿನ ನೇರ ವಿದ್ಯುತ್ ಇರುತ್ತದೆ. ಬೋಗಿಯ ಗಾಲಿಗಳ ಬಳಿ ಹೊರಚಾಚಿದ ಲೋಹದ ಶೂ ಆ ಹಳಿಯ ತಳಭಾಗವನ್ನು ಉಜ್ಜಿಕೊಂಡು ಹೋಗುತ್ತ ವಿದ್ಯುತ್ತನ್ನು ಎತ್ತಿಕೊಳ್ಳುತ್ತದೆ. ಮೇಲ್ಭಾಗ ಮುಚ್ಚಿರುವುದರಿಂದ ಮಳೆ, ಕಸ, ಕಾಲು ತಗಲುವ ಅಪಾಯ ಕಡಿಮೆ. ಬ್ರೇಕ್ ಹಾಕಿದಾಗ ಮೋಟರುಗಳೇ ವಿದ್ಯುತ್ ಉತ್ಪಾದಿಸಿ ಮರಳಿ ಹಳಿಗೆ ಕೊಡುತ್ತವೆ. ಹತ್ತಿರದಲ್ಲಿ ಆಗಷ್ಟೇ ಹೊರಟ ಇನ್ನೊಂದು ರೈಲು ಅದನ್ನು ಬಳಸಿಕೊಳ್ಳುತ್ತದೆ. ಈ ಆಯ್ಕೆಯಿಂದ ಮಹಾತ್ಮ ಗಾಂಧಿ ರಸ್ತೆಯ ಮೇಲ್ಸೇತುವೆ ತಂತಿ-ಕಂಬಗಳ ಗೋಜಲಿಲ್ಲದೆ ಉಳಿಯಿತು, ಸುರಂಗದ ಎತ್ತರವೂ ತಗ್ಗಿತು. ಪ್ರತಿಯಾಗಿ ತೆತ್ತ ಬೆಲೆಯೂ ಇದೆ. ವೋಲ್ಟೇಜ್ ಕಡಿಮೆಯಾದ್ದರಿಂದ ವಿದ್ಯುತ್ ಉಪಕೇಂದ್ರಗಳು ಹತ್ತಿರ ಹತ್ತಿರದಲ್ಲಿರಬೇಕು. ನಗರದ ಅಂದ ಮತ್ತು ಸುರಂಗದ ಖರ್ಚು ಎರಡನ್ನೂ ನೋಡಿದರೆ ಇದು ವಿವೇಕದ ನಿರ್ಧಾರವೆಂದೇ ನನಗನಿಸುತ್ತದೆ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗಿನ 6.7 ಕಿಲೋಮೀಟರಿನಲ್ಲಿ ಈ ರೈಲುಗಳು ಜನರನ್ನು ಹೊತ್ತು ಓಡತೊಡಗಿದವು. 2014ರ ಮಾರ್ಚ್‌ನಲ್ಲಿ ಹಸಿರು ಮಾರ್ಗದ ಸಂಪಿಗೆ ರಸ್ತೆ–ಪೀಣ್ಯ ತುಣುಕು ಬಂತು. 2016ರ ಏಪ್ರಿಲ್ ಕೊನೆಯಲ್ಲಿ ಕಬ್ಬನ್ ಪಾರ್ಕಿನಿಂದ ರೈಲು ನಿಲ್ದಾಣದ ಕಡೆಗಿನ ಸುರಂಗ ತೆರೆಯಿತು. 2017ರ ಜೂನ್‌ನಲ್ಲಿ 42.3 ಕಿಲೋಮೀಟರಿನ ಮೊದಲ ಹಂತ ಪೂರ್ತಿಯಾಯಿತು.

ಪೂರ್ತಿಯಾದ ಕೂಡಲೇ ಮೂರು ಬೋಗಿಯ ಲೆಕ್ಕಾಚಾರದ ಕೊರತೆ ಬಯಲಾಯಿತು. ಪ್ಲಾಟ್‌ಫಾರ್ಮುಗಳನ್ನು ಕಟ್ಟಿದ್ದು ಆರು ಬೋಗಿಯ ಉದ್ದಕ್ಕೆ. ರೈಲು ಮಾತ್ರ ಅದರ ಅರ್ಧದಷ್ಟು. ತುದಿಯಲ್ಲಿ ನಿಂತವರು ರೈಲು ಬಂದಾಗ ಅದು ನಿಲ್ಲುವ ಕಡೆಗೆ ಓಡಬೇಕಾಗುತ್ತಿತ್ತು. ಬಾಗಿಲು ತಲುಪುವಷ್ಟರಲ್ಲಿ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಮೂರು ಬೋಗಿಯಲ್ಲಿ ಸುಮಾರು ಸಾವಿರ ಜನ ಹಿಡಿಸುತ್ತಿದ್ದರು. 2017ರಲ್ಲಿ ಬೆಮೆಲ್‌ಗೆ ಮತ್ತೆ 150 ಬೋಗಿಗಳ ಬೇಡಿಕೆ ಹೋಯಿತು. ಈ ಸಲ ಮೊತ್ತ ಸುಮಾರು 1,421 ಕೋಟಿ. ಹೊಸ ಮೂರು ಬೋಗಿಗಳನ್ನು ಹಳೆಯ ರೈಲಿಗೆ ಸೇರಿಸಿ ಆರು ಮಾಡುವ ಕೆಲಸ ಸುಲಭದ್ದಲ್ಲ. ಬ್ರೇಕ್, ಬಾಗಿಲು, ಮೋಟರ್‌ಗಳ ನಿಯಂತ್ರಣ ಎಲ್ಲವೂ ಹಳೆಯ ಮತ್ತು ಹೊಸ ಬೋಗಿಗಳಲ್ಲಿ ಒಂದೇ ತಾಳಕ್ಕೆ ನಡೆಯಬೇಕು. ಮೊದಲ ಆರು ಬೋಗಿಯ ರೈಲು ಹೊರಟದ್ದು 2018ರ ಜೂನ್ 22ರಂದು, ನೇರಳೆ ಮಾರ್ಗದಲ್ಲಿ. ಸಾಮರ್ಥ್ಯ ಎರಡು ಸಾವಿರದ ಆಸುಪಾಸಿಗೆ ಏರಿತು. ಹೆಂಗಸರಿಗೆ ಮೊದಲ ಬೋಗಿಯನ್ನೇ ಮೀಸಲಿಡಲು ಆದದ್ದು ಹೀಗೆ ಉದ್ದ ಹೆಚ್ಚಿದ ಮೇಲೆ.

ಈ ಬೋಗಿಗಳಿಗೆ ಒಂದು ದನಿಯೂ ಇದೆ. ಮುಂದಿನ ನಿಲ್ದಾಣವನ್ನು ತಿಳಿಸುವ ಕನ್ನಡದ ಪ್ರಕಟಣೆ ನಿರೂಪಕಿ ಅಪರ್ಣಾ ಅವರದು. ಅವರು 2024ರ ಜುಲೈನಲ್ಲಿ ತೀರಿಕೊಂಡರು. ಹಲ್ಯಾಳ, ಖಾನಾಪುರ, ಬೈಲಹೊಂಗಲ ಕಡೆಯಿಂದ ಹೋಗಿ ಆ ದೊಡ್ಡ ಊರಿನಲ್ಲಿ ದಿಕ್ಕು ತೋಚದೆ ನಿಂತವರಿಗೆ ಅಷ್ಟು ಸ್ಪಷ್ಟವಾದ, ಅವಸರವಿಲ್ಲದ ಕನ್ನಡ ಎಷ್ಟು ಧೈರ್ಯ ಕೊಡುತ್ತದೆ ಎಂಬುದನ್ನು ಯಾವ ತಾಂತ್ರಿಕ ವರದಿಯೂ ದಾಖಲಿಸುವುದಿಲ್ಲ. ರೈಲಿನ ಚರಿತ್ರೆಯಲ್ಲಿ ಅದಕ್ಕೂ ಒಂದು ಸಾಲು ಸಲ್ಲಬೇಕು.

ಎರಡನೇ ತಲೆಮಾರಿನ ಕಥೆ ಬೇರೆ ದಾರಿ ಹಿಡಿಯಿತು. 2019ರಲ್ಲಿ 216 ಬೋಗಿಗಳ, ಸುಮಾರು 1,578 ಕೋಟಿಯ ಗುತ್ತಿಗೆ ಚೀನಾದ ಸಿಆರ್‌ಆರ್‌ಸಿ ಕಂಪನಿಗೆ ಹೋಯಿತು. ಬಹುಪಾಲು ಬೋಗಿಗಳನ್ನು ಭಾರತದಲ್ಲೇ ತಯಾರಿಸಬೇಕೆಂಬುದು ಷರತ್ತು. ಮರುವರ್ಷವೇ ಕೋವಿಡ್ ಬಂತು, ಗಡಿಯಲ್ಲಿ ಘರ್ಷಣೆಯಾಯಿತು, ಚೀನೀ ಹೂಡಿಕೆಗೆ ನಿರ್ಬಂಧ ಬಿತ್ತು. ಕೊನೆಗೆ ಸಿಆರ್‌ಆರ್‌ಸಿ ಬಂಗಾಳದ ಟೀಟಾಗಢ ಕಂಪನಿಯ ಜೊತೆ ಕೈಜೋಡಿಸಬೇಕಾಯಿತು. ಹಳದಿ ಮಾರ್ಗದ ಮೊದಲ ಮಾದರಿ ರೈಲು ಹೆಬ್ಬಗೋಡಿ ಡಿಪೊ ತಲುಪಿದ್ದು 2024ರ ಫೆಬ್ರುವರಿಯಲ್ಲಿ. ಚಾಲಕರಿಲ್ಲದೆ ಓಡಬಲ್ಲ ರೈಲು ಅದು. ಹಳಿ ಹಾಕಿ, ನಿಲ್ದಾಣ ಕಟ್ಟಿ, ರೈಲಿಲ್ಲದೆ ಆ ಮಾರ್ಗ ಕಾದಿತ್ತು. 19.15 ಕಿಲೋಮೀಟರಿನ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ತೆರೆದಾಗಲೂ ಇದ್ದದ್ದು ಮೂರೇ ರೈಲು, ಎರಡರ ನಡುವೆ 25 ನಿಮಿಷದ ಅಂತರ. ತಿಪ್ಪಸಂದ್ರದ ಕಾರ್ಖಾನೆ ಅದೇ ನಗರದಲ್ಲಿ ಇದ್ದೂ ಹೀಗಾಯಿತು.

ಹಳದಿ ಮಾರ್ಗ ತೆರೆದ ದಿನವೇ ಬೆಂಗಳೂರಿನಿಂದ ಬೆಳಗಾವಿಗೆ ವಂದೇ ಭಾರತ್ ರೈಲಿಗೂ ಹಸಿರು ನಿಶಾನೆ ತೋರಿಸಲಾಯಿತು. ಇದು ಮೆಟ್ರೊ ರೈಲಿನ ಸಂಬಂಧಿಯೇ. ಎಳೆಯಲು ಪ್ರತ್ಯೇಕ ಎಂಜಿನ್ ಇಲ್ಲ, ಬೋಗಿಗಳ ಅಡಿಯಲ್ಲೇ ಮೋಟರುಗಳಿವೆ, ಎರಡೂ ತುದಿಗೆ ಚಾಲಕನ ಕೋಣೆಯಿದೆ. ಸದರ್ನ್ ಮರಾಠಾ ರೈಲ್ವೆ 1880ರ ದಶಕದಲ್ಲಿ ಮೀಟರ್ ಗೇಜಿನಲ್ಲಿ ಹಾಕಿದ್ದ ಲೋಂಡಾ–ಬೆಳಗಾವಿ ದಾರಿ ಬ್ರಾಡ್ ಗೇಜಾಗಿ, ತಂತಿ ಕಟ್ಟಿಸಿಕೊಂಡು, ವಿದ್ಯುತ್ ರೈಲಿಗೆ ಸಿದ್ಧವಾಗಿದ್ದರಿಂದ ಇದು ಸಾಧ್ಯವಾಯಿತು.

ಹಳದಿ ಮಾರ್ಗ ತೆರೆಯುವ ಮೊದಲೇ, 2023ರ ಆಗಸ್ಟ್‌ನಲ್ಲಿ, ಮೆಟ್ರೊ ನಿಗಮ ಮತ್ತೆ ಬೆಮೆಲ್ ಕಡೆಗೆ ತಿರುಗಿ, ಗುಲಾಬಿ ಮಾರ್ಗಕ್ಕೂ ಹೊರವರ್ತುಲ ರಸ್ತೆ ಮತ್ತು ವಿಮಾನ ನಿಲ್ದಾಣದ ಮಾರ್ಗಕ್ಕೂ 318 ಬೋಗಿಗಳನ್ನು ಕೇಳಿತು. ಇತ್ತ 2019ರ ಗುತ್ತಿಗೆಯ 36 ರೈಲುಗಳಲ್ಲಿ ಹಳದಿ ಮಾರ್ಗಕ್ಕೆ 15 ಮಾತ್ರ. ಉಳಿದ 21 ರೈಲುಗಳು ನೇರಳೆ, ಹಸಿರು ಮಾರ್ಗಗಳಲ್ಲಿ ಹಳೆಯ ಬೆಮೆಲ್ ರೈಲುಗಳ ನಡುವೆಯೇ ಓಡಬೇಕಾದವು. ಆದ್ದರಿಂದ ಅವುಗಳಿಗೆ ಹಳದಿ ಮಾರ್ಗದ ಚಾಲಕರಹಿತ ಸಿಗ್ನಲ್ ವ್ಯವಸ್ಥೆ ಹೊಂದುವುದಿಲ್ಲ. ಮೊದಲ ಹಂತದ ಹಳೆಯ ಸಿಗ್ನಲ್ಲಿಗೇ ಅವನ್ನು ಅಳವಡಿಸಬೇಕಾಯಿತು.