ಬಂಡವಾಳದ ಬಿಗಿತ
ನವೋದ್ಯಮಗಳಿಗೆ ಹಣ ಸುಲಭವಾಗಿ ಸಿಗದ ಸ್ಥಿತಿ. ಸರ್ಕಾರಗಳು ಹೆಚ್ಚು ಸಾಲ ಎತ್ತಿದಾಗ ಅಥವಾ ಕೇಂದ್ರ ಬ್ಯಾಂಕುಗಳು ದರ ಏರಿಸಿದಾಗ ಸಾಲಪತ್ರಗಳ ಇಳುವರಿ ಏರುತ್ತದೆ; ಅಪಾಯವಿಲ್ಲದೆ ಒಳ್ಳೆಯ ಬಡ್ಡಿ ಸಿಗುವಾಗ ನಷ್ಟದಲ್ಲಿರುವ ಕಂಪನಿಯನ್ನು ನಂಬುವವರು ಕಡಿಮೆ. ಹತ್ತು ವರ್ಷಗಳ ನಂತರ ಬರುವ 100 ರೂಪಾಯಿಯ ಇಂದಿನ ಮೌಲ್ಯ ಶೇ 4ರ ದರದಲ್ಲಿ ಸುಮಾರು 68 ರೂಪಾಯಿ, ಶೇ 7ರಲ್ಲಿ 51 ಮಾತ್ರ. ಲಾಭವನ್ನೆಲ್ಲ ಮುಂದಿನ ದಿನಗಳಿಗೆ ಇಟ್ಟುಕೊಂಡ ನವೋದ್ಯಮಗಳಿಗೆ ಪೆಟ್ಟು ಬೀಳುವುದು ಇಲ್ಲೇ.

ರಿಸರ್ವ್ ಬ್ಯಾಂಕ್ 2022ರ ಮೇಯಿಂದ 2023ರ ಫೆಬ್ರುವರಿಯೊಳಗೆ ಬ್ಯಾಂಕುಗಳಿಗೆ ತಾನು ಸಾಲ ಕೊಡುವ ರೆಪೊ ದರವನ್ನು ಶೇ 4ರಿಂದ 6.5ಕ್ಕೆ ಏರಿಸಿತು. ಅಮೆರಿಕದ ದರವೂ ಶೂನ್ಯದ ಆಸುಪಾಸಿನಿಂದ ಶೇ 5 ದಾಟಿತು. ಬೆಂಗಳೂರಿನ ನವೋದ್ಯಮಗಳಲ್ಲಿ ಹೂಡಿಕೆ ಕುಸಿದು, ಉದ್ಯೋಗ ಕಡಿತ ಸಾಮಾನ್ಯವಾಯಿತು.

ಷೇರುಪೇಟೆಗೆ ಬರುವವರೂ ತಗ್ಗಬೇಕಾಗುತ್ತದೆ. ಬೆಂಗಳೂರಿನ ವಿದ್ಯುತ್ ಸ್ಕೂಟರ್ ಕಂಪನಿ ಏಥರ್ ಎನರ್ಜಿ 2024ರ ಸೆಪ್ಟೆಂಬರಿನಲ್ಲಿ 3,100 ಕೋಟಿ ರೂಪಾಯಿಯ ಹೊಸ ಷೇರು ಮಾರುವುದಾಗಿ ಅರ್ಜಿ ಹಾಕಿತ್ತು. 2025ರ ಏಪ್ರಿಲ್‌ನಲ್ಲಿ, ಅಮೆರಿಕದ ಸುಂಕದ ಗದ್ದಲದಿಂದ ಪೇಟೆ ಅಲುಗಾಡುತ್ತಿದ್ದಾಗ, ಅದನ್ನು 2,626 ಕೋಟಿಗೆ ಇಳಿಸಿ ಷೇರಿಗೆ 321 ರೂಪಾಯಿಯಂತೆ ನೀಡಿತು. ಮಾರಾಟಕ್ಕಿಟ್ಟ ಷೇರುಗಳಿಗೆ ಬಂದ ಬೇಡಿಕೆ ಸುಮಾರು ಒಂದೂವರೆ ಪಟ್ಟು ಮಾತ್ರ. ಅಷ್ಟರಲ್ಲಿ ರೆಪೊ ದರ ಇಳಿಯತೊಡಗಿತ್ತು ಎಂಬುದು ಗಮನಾರ್ಹ: ದರವೊಂದೇ ಪೇಟೆಯ ಮನಸ್ಸನ್ನು ನಿರ್ಧರಿಸುವುದಿಲ್ಲ.